ಕಾಡಿನ ಕಥೆಯನ್ನು ಹೇಳುವವರು ಯಾರು?

ದಸರಾ ಸಮೀಪಿಸಿತೆಂದರೆ ಮೈಸೂರು ಅರಮನೆಯ ಅಂಗಳಕ್ಕೆ ಆನೆಗಳೊಂದಿಗೆ ಮಾವುತರ, ಕಾವಾಡಿಗಳ ಸಂಸಾರಗಳೂ ಬರುತ್ತವೆ. ಅವರಲ್ಲಿ ಜೇನುಕುರುಬರು ಅನೇಕರು. ನೋಡಲು ಹೋದವರು ಆನೆಯ ಚಿತ್ರ ತೆಗೆಯುತ್ತಾರೆ. ಪಕ್ಕದಲ್ಲಿ ನಿಂತ ಹುಡುಗನ ಚಿತ್ರವನ್ನೂ ತೆಗೆಯುತ್ತಾರೆ. ಅವನ ಅಜ್ಜಿ ಹೇಳುವ ಕಥೆ ಯಾವುದೆಂದು ಕೇಳುವವರು ಮಾತ್ರ ಕಡಿಮೆ.

ಇದು ಇಂದಿನ ಮಾತಲ್ಲ. 1935ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ಕಿಪ್ಲಿಂಗ್ ಬರೆದ ಕಥೆಯೊಂದನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಇಲ್ಲಿನ ಕಾಡಿನಲ್ಲಿ, ಇಲ್ಲಿನ ಆನೆಗಳನ್ನಿಟ್ಟುಕೊಂಡು ಚಿತ್ರೀಕರಣ ನಡೆಸಿದರು. ನಾಯಕ ಸಾಬು, ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. 1937ರಲ್ಲಿ ಚಿತ್ರ ತೆರೆಕಂಡಿತು, ಹುಡುಗ ಜಗತ್ಪ್ರಸಿದ್ಧನಾದ. ಆದರೆ ಕಥೆ ಹೊರಗಿನವರದು, ಮಾತು ಇಂಗ್ಲಿಷಿನದು.

ಫ್ಲಾಹರ್ಟಿಯವರಿಗೆ ಹೆಸರು ತಂದದ್ದು 1922ರ ‘ನಾನೂಕ್ ಆಫ್ ದಿ ನಾರ್ತ್’. ಕೆನಡಾದ ಹಿಮನಾಡಿನ ಇನ್ಯೂಟ್ ಜನರ ಬದುಕನ್ನು ತೋರಿಸುವ ಚಿತ್ರ ಅದು. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಹಿಮದ ಮನೆಯಾದ ಇಗ್ಲುವಿನೊಳಗೆ ಅಂದಿನ ಕ್ಯಾಮೆರಾಕ್ಕೆ ಬೆಳಕು ಸಾಲುತ್ತಿರಲಿಲ್ಲ. ಒಂದು ಪಕ್ಕ ತೆರೆದ ಅರ್ಧ ಇಗ್ಲು ಕಟ್ಟಿಸಿ ಚಿತ್ರ ತೆಗೆದರು. ಬಂದೂಕು ಬಳಸಲು ಕಲಿತಿದ್ದ ಬೇಟೆಗಾರರ ಕೈಯಲ್ಲಿ ಹಳೆಯ ಈಟಿಯನ್ನೇ ತೋರಿಸಿದರು. ಬೆಳಕಿಗಾಗಿ ಗೋಡೆ ತೆಗೆದದ್ದು ಉಪಕರಣದ ಮಿತಿ. ಬಂದೂಕು ಮರೆಮಾಡಿದ್ದು ನೋಡುವವನ ಆಸೆ. ಪ್ರಯೋಗದ ಫಲಿತಾಂಶದಲ್ಲಿ ವೀಕ್ಷಕನ ಪಾಲು ಎಷ್ಟೆಂದು ವಿಚಾರಿಸುವ ಹಾಗೆ, ಚಿತ್ರವನ್ನು ನೋಡುವಾಗಲೂ ವಿಚಾರಿಸಬೇಕಾಗುತ್ತದೆ.

ಮುಂದೆ ಅದೇ ಜನ ಕ್ಯಾಮೆರಾವನ್ನು ತಮ್ಮ ಕೈಗೆ ತೆಗೆದುಕೊಂಡರು. ಇನ್ಯೂಟ್ ನಿರ್ದೇಶಕ ಜಕಾರಿಯಸ್ ಕುನುಕ್, ಹಿರಿಯರ ಬಾಯಿಂದ ಬಾಯಿಗೆ ಬಂದ ಐತಿಹ್ಯವನ್ನು ‘ಅಟನಾರ್ಜುವಾಟ್’ ಎಂಬ ಚಿತ್ರವಾಗಿಸಿ ತಮ್ಮದೇ ನುಡಿಯಲ್ಲಿ ಹೇಳಿದರು. 2001ರ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. 2006ರ ಆಸ್ಟ್ರೇಲಿಯಾದ ‘ಟೆನ್ ಕನೂಸ್’ ಚಿತ್ರದ ಪಾತ್ರಗಳೂ ಮೂಲನಿವಾಸಿಗಳ ನುಡಿಯನ್ನೇ ಆಡುತ್ತವೆ. ಅದರ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಪೀಟರ್ ಜಿಗಿರ್ ಆ ಸಮುದಾಯದವರೇ.

ನಮ್ಮಲ್ಲಿ 1977ರಲ್ಲಿ ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ಅವರು ‘ಕಾಕನಕೋಟೆ’ ಚಿತ್ರ ತೆಗೆದರು. ಕಾಡುಕುರುಬರ ಬದುಕನ್ನು ಗೌರವದಿಂದ ಕಂಡ ಚಿತ್ರ. ಅದರಲ್ಲಿ ನಟಿಸಿದವರಲ್ಲಿ ಲೋಕೇಶ್ ಒಬ್ಬರು. ಆದರೂ ಅದು ನಾಡಿನವರು ಹೇಳಿದ ಕಾಡಿನ ಕಥೆಯೇ ಸರಿ.

ಜೇನುಕುರುಬರ ನುಡಿಗೆ ತನ್ನದೇ ಲಿಪಿಯಿಲ್ಲ. ಅವರ ಕಥೆಯನ್ನು ಕಾಗದಕ್ಕೆ ಇಳಿಸಿದರೆ ಪದಗಳು ಉಳಿದಾವು; ಹೇಳುವವರ ದನಿ, ಕೈಸನ್ನೆ, ನಡುವಿನ ಮೌನ ಉಳಿಯವು. ಚಲನಚಿತ್ರ ಇವೆಲ್ಲವನ್ನೂ ಹಿಡಿದಿಡಬಲ್ಲದು. ತಡಮಾಡಲು ಕಾಲವೂ ಹೆಚ್ಚಿಲ್ಲ. 1970ರ ದಶಕದಲ್ಲಿ ಕಬಿನಿ ಜಲಾಶಯ ತುಂಬಿದಾಗ ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದ ಕಾಡು ನೀರಿನಡಿ ಸೇರಿತು. ಆ ಕಾಡಿನಲ್ಲಿ ಓಡಾಡಿದ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ.

ಇಂದು ಕ್ಯಾಮೆರಾ ಮನೆಮನೆಯ ಮೊಬೈಲ್ ಫೋನಿನಲ್ಲಿದೆ. ಶಾಲೆಯಲ್ಲಿ ಹಾಡಿಯಿಂದ ಬಂದ ಸಹಪಾಠಿಯಿದ್ದರೆ ಅವನ ಚಿತ್ರ ತೆಗೆಯುವ ಬದಲು ಕ್ಯಾಮೆರಾವನ್ನೇ ಅವನ ಕೈಗೆ ಕೊಟ್ಟು ನೋಡಬಹುದು. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬುದನ್ನು ಅವನೂ ಅವನ ಹಿರಿಯರೂ ನಿರ್ಧರಿಸಲಿ. ತಂದೆತಾಯಿಯರು ಮಕ್ಕಳ ಜೊತೆ ಕೂತು ಅದನ್ನು ನೋಡಿದರೆ ಸಾಕು, ಅದೇ ದೊಡ್ಡ ಪಾಠ.