ತೂಕದ ಯಂತ್ರ ತೋರಿಸದ ನಷ್ಟ

ರೇಡಿಯಾಲಜಿ ಕೋಣೆ. ತೆರೆಯ ಮೇಲೆ, ದೊಡ್ಡ ಕರುಳಿನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರೊಬ್ಬರ ಸಿಟಿ ಸ್ಕ್ಯಾನ್. ಅವರ ಹೆಂಡತಿ ಈಗಷ್ಟೇ ಬಾಗಿಲಲ್ಲಿ ನಿಂತು ಹೇಳಿಹೋದರು: "ತೂಕ ಏನೂ ಇಳಿದಿಲ್ಲ ಡಾಕ್ಟ್ರೇ, ಎಪ್ಪತ್ತೆಂಟೇ ಇದೆ. ಆದ್ರೆ ಕುರ್ಚಿಯಿಂದ ಏಳೋಕೂ ನಾನು ಕೈ ಕೊಡ್ಬೇಕು."

ವೈದ್ಯೆ ಮೌಸ್ ಉರುಳಿಸುತ್ತಾರೆ. ಯಕೃತ್ತು ಸರಿಯಿತು, ಮೂತ್ರಪಿಂಡ ಸರಿಯಿತು. ಸೊಂಟದ ಮೂರನೇ ಕಶೇರು ಬಂತು. ಅದರ ಎರಡೂ ಪಕ್ಕದ ಚಾಚುಗಳು ಪೂರ್ತಿ ಕಾಣುವ ಪದರದಲ್ಲಿ ನಿಲ್ಲಿಸಿದರು. ಇಡೀ ಮೈಯ ಸ್ನಾಯು ಎಷ್ಟಿದೆ ಎಂದು ಅಂದಾಜಿಸಲು ಈ ಒಂದೇ ಪದರ ಸಾಕು.

ಸಿಟಿಯ ಅಳತೆಯಲ್ಲಿ ನೀರು ಎಂದರೆ 0 ಹೌನ್ಸ್‌ಫೀಲ್ಡ್. −29ರಿಂದ +150ರವರೆಗಿನ ಚುಕ್ಕೆಗಳಿಗೆಲ್ಲ ಸಾಫ್ಟ್‌ವೇರ್ ಸ್ನಾಯುವಿನ ಕೆಂಪು ಬಳಿಯುತ್ತದೆ. ಕರುಳಿನ ಗೋಡೆಗೂ ಕೆಂಪು ಹತ್ತಿದೆ. ಅದನ್ನು ವೈದ್ಯೆ ಕೈಯಾರೆ ಅಳಿಸುತ್ತಾರೆ. ಸ್ವಲ್ಪ ಹತ್ತಿರ ಬನ್ನಿ. ಬೆನ್ನಿನ ಸ್ನಾಯುವಿನೊಳಗೆ, ಹುರಿ ಸಡಿಲಾದ ಹಗ್ಗದ ಸಂದುಗಳಂತೆ ಕಪ್ಪು ಗೆರೆಗಳು ಕಾಣುತ್ತಿವೆಯಲ್ಲ, ಅದು ಕೊಬ್ಬು. ಸ್ನಾಯು ಕರಗಿದೆ, ಕೊಬ್ಬು ಸೇರಿದೆ. ತೂಕ ಮಾತ್ರ ಅಷ್ಟೇ ಇದೆ.

ಉಳಿದ ಕೆಂಪಿನ ವಿಸ್ತೀರ್ಣ 130 ಚದರ ಸೆಂ.ಮೀ. ರೋಗಿಯ ಎತ್ತರ 1.7 ಮೀಟರ್, ಅದರ ವರ್ಗದಿಂದ ಭಾಗಿಸಿದರೆ 45. ಸಂಶೋಧಕಿಯರಾದ ಕಾರ್ಲಾ ಪ್ರಾಡೊ, ವಿಕಿ ಬರಾಕೋಸ್ ಮತ್ತವರ ಸಂಗಡಿಗರು ಕೆನಡಾದ ಬೊಜ್ಜುಳ್ಳ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿ 2008ರಲ್ಲಿ ಕೊಟ್ಟ ಗಡಿ ಗಂಡಸರಿಗೆ 52.4, ಹೆಂಗಸರಿಗೆ 38.5. ಅದಕ್ಕಿಂತ ಕೆಳಗಿದ್ದವರ ಆಯುಸ್ಸು ಕಡಿಮೆಯಿತ್ತು. ಅಲ್ಲಿನ ಗಡಿಯನ್ನು ನಮ್ಮವರ ಮೈಕಟ್ಟಿಗೆ ಹಾಗೆಯೇ ಹಚ್ಚಲಾಗದು. ಅದಕ್ಕೇ ವೈದ್ಯೆ ನಾಲ್ಕು ತಿಂಗಳ ಹಿಂದಿನ ಸ್ಕ್ಯಾನನ್ನೂ ತೆರೆದು ಅದೇ ಪದರ ಅಳೆಯುತ್ತಾರೆ. ಆಗ 148 ಚದರ ಸೆಂ.ಮೀ. ಇತ್ತು. ಈ ಇಳಿಕೆಗೆ ಯಾವ ದೇಶದ ಗಡಿಯೂ ಬೇಡ, ರೋಗಿಯ ಮೈಯೇ ಸಾಕ್ಷಿ.

ಕೀಮೋ ಡೋಸನ್ನು ಸಾಮಾನ್ಯವಾಗಿ ಎತ್ತರ, ತೂಕ ನೋಡಿ ನಿರ್ಧರಿಸುತ್ತಾರೆ. ತೂಕ ಅದೇ, ಡೋಸೂ ಅದೇ. ತಾಳಿಕೊಳ್ಳುವ ಮೈ ಮಾತ್ರ ಬೇರೆ. ಸ್ನಾಯು ಕಳೆದುಕೊಂಡವರಲ್ಲಿ ಔಷಧದ ಅಡ್ಡಪರಿಣಾಮ ಹೆಚ್ಚು. ವೈದ್ಯೆ ಎರಡೂ ಅಂಕಿಗಳನ್ನು ವರದಿಗೆ ಸೇರಿಸಿ, ಆಹಾರ ತಜ್ಞೆಗೂ ಫಿಸಿಯೋಥೆರಪಿಗೂ ಚೀಟಿ ಬರೆಯುತ್ತಾರೆ.

ಸ್ನಾಯು ಅಳೆಯಲು ಬೇರೆ ಸ್ಕ್ಯಾನ್ ಬೇಡ, ಹೆಚ್ಚಿನ ವಿಕಿರಣವೂ ಇಲ್ಲ. ಗಡ್ಡೆ ನೋಡಲು ತೆಗೆದ ಚಿತ್ರದಲ್ಲೇ ಎಲ್ಲವೂ ಇದೆ. ಕ್ಯಾನ್ಸರ್ ಆಸ್ಪತ್ರೆಗಳು ಗಡ್ಡೆಯ ಅಳತೆ ಬರೆಯುವ ವರದಿಯಲ್ಲಿ ಸ್ನಾಯುವಿನ ಅಳತೆಯನ್ನೂ ಬರೆಯಲಿ.