ಜಡಿ, ಮುತ್ತು ಮತ್ತು ಗುಳಿಗೆ

ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ನಿದ್ದೆಗೆಟ್ಟು, ಕೂಳು ಬಿಟ್ಟು, ಗೋಡೆಗೆ ಮುಖ ಮಾಡಿ ಕುಂತರೆ ಊರು ಎರಡೇ ಮಾತು ಆಡುತ್ತದೆ. ಒಂದು, ‘ಗಾಳಿ ಬಡದೈತಿ.’ ಇನ್ನೊಂದು, ‘ತಲಿ ಕೆಟ್ಟೈತಿ.’ ಮೊದಲನೆಯದಕ್ಕೆ ತಾಯತ, ಎರಡನೆಯದಕ್ಕೆ ಗುಳಿಗೆ. ಎರಡೂ ಮಾತು ರೋಗವನ್ನು ಅವಳೊಳಗೇ ಹುಡುಕುತ್ತವೆ. ಅವಳ ಸುತ್ತ ಏನೈತಿ ಎಂದು ಯಾರೂ ಕೇಳುವುದಿಲ್ಲ.

ನಾನು ಗೋಕಾಕ ತಾಲೂಕಿನ ಮಮದಾಪುರದವನು, ಕನ್ನಡ ಶಾಲೆಯ ಮಾಸ್ತರ. ನಮ್ಮ ಚಿಗವ್ವನ ಮಾತು ಹೇಳುತ್ತೇನೆ. ಅವಳು ಹುಟ್ಟಿದ್ದು ಬೇರೊಂದು ಹಳ್ಳಿಯಲ್ಲಿ. ಅಲ್ಲಿ ಕೇರಿಯವರು ಬಾವಿ ಮುಟ್ಟುವಂತಿರಲಿಲ್ಲ. ಮೇಲಿನವರು ಸೇದಿ ಸುರಿದಷ್ಟೇ ನೀರು. ಕುಡಿಯಲಿಕ್ಕೇ ಸಾಲದ ನೀರಿನಲ್ಲಿ ಹುಡುಗಿಯ ತಲೆಗೆ ಎರೆಯುವುದೆಲ್ಲಿಂದ? ಎಣ್ಣೆ ಕಾಣದ, ಬಾಚಣಿಕೆ ಹೋಗದ ಕೂದಲು ಗಂಟುಗಂಟಾಯಿತು. ‘ಎಲ್ಲವ್ವ ಜಡಿ ಬಿಟ್ಟಾಳ, ಆಕಿ ದೇವರ ಮಗಳು’ ಎಂದರು ಹಿರಿಯರು. ಗಂಡುಮಕ್ಕಳಿಲ್ಲದ ಮನೆ. ಮಗಳನ್ನು ದೇವಿಗೆ ಬಿಟ್ಟರೆ ಮುಪ್ಪಿಗೆ ಆಸರಾಗುತ್ತಾಳೆ ಎಂಬ ಲೆಕ್ಕವೂ ಇತ್ತು. ಹನ್ನೊಂದನೇ ವರ್ಷಕ್ಕೆ ಮುತ್ತು ಕಟ್ಟಿದರು.

ಮುಂದೆ ಮಗ ಹುಟ್ಟಿದ. ಶಾಲೆಗೆ ಹೋದ. ‘ತಂದೆಯ ಹೆಸರು’ ಎಂಬ ಕಾಲಮ್ಮು ಖಾಲಿ. ವರ್ಷಾ ವರ್ಷಾ ತುಂಬಿದ ವರ್ಗದಲ್ಲಿ ಎಬ್ಬಿಸಿ ನಿಲ್ಲಿಸಿ ಅದನ್ನೇ ಕೇಳಿದರು. ಏಳನೇತ್ತೆಗೆ ಹುಡುಗ ಪಾಟೀಚೀಲ ಗೂಟಕ್ಕೆ ಹಾಕಿದ. ಅವತ್ತಿನಿಂದ ಚಿಗವ್ವನಿಗೆ ನಿದ್ದೆ ಹೋಯಿತು. ನಮ್ಮವ್ವ ಅವಳನ್ನು ಮಮದಾಪುರಕ್ಕೆ ಕರಕೊಂಡು ಬಂದಳು. ಡಾಕ್ಟರ್ ಗುಳಿಗೆ ಕೊಟ್ಟರು. ನಿದ್ದೆ ಬಂತು. ಎದ್ದು ಕಣ್ಣು ಬಿಟ್ಟರೆ ಸಾಲ ಇದ್ದಲ್ಲೇ, ಮುತ್ತು ಕೊರಳಲ್ಲೇ, ಚೀಲ ಗೂಟದಲ್ಲೇ.

ಗುಳಿಗೆ ಬೇಡ ಎನ್ನುವ ಮೂರ್ಖತನ ನನ್ನದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. ಅದೇ ಮಾದರಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಬೇರೆ ರಾಜ್ಯಗಳಿಗೂ ಹೋಯಿತು. ಅದು ದೊಡ್ಡ ಕೆಲಸವೇ. ಆದರೆ ಬಿದ್ದವರನ್ನು ಎತ್ತುವ ಕೆಲಸ. ಗುಂಡಿ ಮುಚ್ಚುವವರು ಯಾರು?

ಈ ಪ್ರಶ್ನೆಯನ್ನು ಓದಿದವರೂ ಕೇಳಿದ್ದಾರೆ. 1965ರಲ್ಲಿ ಅಮೆರಿಕದ ಸ್ವಾಂಪ್‌ಸ್ಕಾಟ್ ಎಂಬ ಊರಲ್ಲಿ ಕೆಲವು ಮನೋವಿಜ್ಞಾನಿಗಳು ಸೇರಿ, ಆಸ್ಪತ್ರೆಯ ಕೋಣೆ ಬಿಟ್ಟು ಜನರ ನಡುವೆ ಹೋಗಬೇಕು, ರೋಗ ಬರುವ ಮೊದಲೇ ತಡೆಯಬೇಕು ಎಂದರು. ಸಮುದಾಯ ಮನೋವಿಜ್ಞಾನಕ್ಕೆ ಅಲ್ಲಿ ಹೆಸರು ಬಿತ್ತು. ಗಿಡ ಬಾಡಿದರೆ ಎಲೆಯನ್ನಷ್ಟೇ ನೋಡಬೇಡ, ಮಣ್ಣು ನೋಡು, ನೀರು ನೋಡು, ಬೇಲಿ ಯಾರದು ನೋಡು ಎನ್ನುವುದೇ ಅವರ ಪರಿಸರ ದೃಷ್ಟಿ. ನಮಗಿದು ಹೊಸದೇನಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ್ದು ಬರೀ ಬಾಯಾರಿಕೆಗಲ್ಲ.

ಚಿಗವ್ವನ ಬಾಳನ್ನು ಈ ಕಣ್ಣಿನಿಂದ ನೋಡಿರಿ. ಬಾವಿ ತೆರೆದಿದ್ದರೆ ಜಡಿ ಇಲ್ಲ. ಜಡಿ ಕಂಡಾಗ ಯಾರಾದರೂ ಧೈರ್ಯವಾಗಿ ಕತ್ತರಿ ಹಿಡಿದಿದ್ದರೆ ಮುತ್ತಿಗೆ ನೆಪ ಇಲ್ಲ. ಎರಡೆಕರೆ ಹೊಲ ಇದ್ದಿದ್ದರೆ ಮಗಳನ್ನು ಮುಪ್ಪಿನ ಆಸರೆಯಾಗಿ ದೇವಿಗೆ ಬಿಡುವ ಲೆಕ್ಕ ಇಲ್ಲ. ಆ ಕಾಲಮ್ಮು ಇಲ್ಲದಿದ್ದರೆ ಹುಡುಗ ಶಾಲೆ ಬಿಡುತ್ತಿರಲಿಲ್ಲ. ಗುಳಿಗೆ ಬಂದದ್ದು ಇಷ್ಟೆಲ್ಲ ಬಾಗಿಲು ಮುಚ್ಚಿದ ಮೇಲೆ.

ಕಾಯ್ದೆ ಇರಲಿಲ್ಲವೇ? ಇತ್ತು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗಲೇ 1934ರ ಕಾಯ್ದೆ ಬಂದಿತ್ತು. ಆಮೇಲೆ 1982ರ ಕರ್ನಾಟಕ ಕಾಯ್ದೆ ಬಂತು. ಆದರೆ ಹಾಳೆಯ ಮೇಲಿನ ಅಕ್ಷರ ತಾನೇ ನಡೆದು ಕೇರಿಗೆ ಬರುವುದಿಲ್ಲ. ನಡೆದು ಬಂದವರು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳೇ. 1997ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಅವರೇ ಸೇರಿ ‘ಮಾಸ್’ ಎಂದು ಹೆಸರಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿಯವರು ಅದನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂಘ, ಉಳಿತಾಯ, ಮಕ್ಕಳ ಓದು, ಮುತ್ತು ಕಟ್ಟುವ ಸುಳಿವು ಸಿಕ್ಕರೆ ಹೋಗಿ ತಡೆಯುವುದು: ಇದೇ ಅವರ ಮದ್ದು. ‘ನೀ ಒಬ್ಬಾಕಿ ಅಲ್ಲ’ ಎಂದು ಹೇಳುವವಳು ಪಕ್ಕದಲ್ಲಿ ಕುಂತರೆ ಅದಕ್ಕಿಂತ ದೊಡ್ಡ ಚಿಕಿತ್ಸೆ ಯಾವುದು?

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ, ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂದು ಈ ಮಕ್ಕಳನ್ನು ಒತ್ತಾಯಿಸಬಾರದು ಎನ್ನುತ್ತದೆ. ತಡವಾಗಿ ಬಂದರೂ ಸರಿಯೇ. ಆದರೆ ಆ ಮಾತು ನಡೆಯುವುದೋ ಸಾಯುವುದೋ ನಮ್ಮ ಹಾಜರಿ ಪುಸ್ತಕದಲ್ಲಿ.

ಮಾಸ್ತರ ಗೆಳೆಯರೇ, ಹುಡುಗಿಯ ತಲೆ ಗಂಟುಗಟ್ಟಿದ್ದು ಕಂಡರೆ ಅವರ ಮನೆಗೆ ಹೋಗಿರಿ. ನಾಲ್ಕು ದಿನ ಶಾಲೆಗೆ ಬರದಿದ್ದರೆ ಕೇರಿಗೆ ಹೋಗಿ ಕೇಳಿರಿ. ಮಗುವಿನ ಹೆಸರಿನ ಮುಂದೆ ಅವ್ವನ ಹೆಸರನ್ನು ದೊಡ್ಡದಾಗಿ ಬರೆಯಿರಿ. ಕೇರಿಗೆ ನೀರು ಬರುತ್ತದೋ ಇಲ್ಲವೋ ಎಂದು ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳಿರಿ. ಮನಸ್ಸಿನ ಆಸ್ಪತ್ರೆಯ ಮೊದಲ ಮೆಟ್ಟಿಲು ಅಲ್ಲಿದೆ.