ಲಿಯಾನ್‌ಗೆ ಹೊರಟ ಅಂಟಿನುಂಡಿ

ತಂಗಿಯ ಬಾಣಂತನ ಫ್ರಾನ್ಸಿನ ಲಿಯಾನ್‌ನಲ್ಲೇ ಅಂತ ಖಾತ್ರಿಯಾದ ದಿನದಿಂದ ಜಿಡಗಾದ ನಮ್ಮ ಮನೆ ಪಡಸಾಲೆ ಗೋದಾಮಾಗಿಬಿಟ್ಟಿತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ತೊಗರಿಬೇಳೆ, ಡಬ್ಬಿ ತುಂಬ ಎಮ್ಮೆ ತುಪ್ಪ. ಎಲ್ಲಕ್ಕಿಂತ ಮುಖ್ಯವಾಗಿ ಅಂಟಿನುಂಡಿ. ಅವ್ವನ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ತಾನು ಹೋಗೋಕಾಗದಿದ್ದರೆ ಉಂಡಿಯಾದ್ರೂ ಹೋಗಲಿ ಅನ್ನೋದು ಅವಳ ಲೆಕ್ಕ. ಬೆಂಗಳೂರಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರೋ ಮಗನಿಗೆ ಬಿದ್ದದ್ದು ಪಾರ್ಸೆಲ್ ಕೆಲಸ.

ನಾನು ನಿಯಮ ಓದೋಕೆ ಶುರುಮಾಡಿದೆ. ಮೊದಲ ಪೆಟ್ಟು ತುಪ್ಪಕ್ಕೇ ಬಿತ್ತು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಖಾಸಗಿ ಪಾರ್ಸೆಲ್‌ನಲ್ಲಾಗಲಿ, ಕೈಚೀಲದಲ್ಲಾಗಲಿ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಖೋವಾ, ಪೇಡೆ ಎಲ್ಲ ಅದರಲ್ಲೇ ಬಂತು. ಅವ್ವನಿಗೆ ಹೇಳಿದೆ.

"ಯಾಕಂತ? ನಮ್ಮ ತುಪ್ಪದಾಗ ಏನ್ ಹುಳ ಬಿದ್ದಾವೇನು?"

"ಕಾಲುಬಾಯಿ ಜ್ವರದ ಭಯ ಯವ್ವಾ ಅವರಿಗೆ."

ಅವ್ವ ಸುಮ್ಮನಾದಳು. ದನ ಕಟ್ಟಿದವರಿಗೆ ಆ ಹೆಸರು ಬಿಡಿಸಿ ಹೇಳಬೇಕಾಗಿಲ್ಲ. 2025ರ ಜನವರಿಯಲ್ಲಿ ಬರ್ಲಿನ್ ಹತ್ತಿರದ ಒಂದು ಎಮ್ಮೆ ಹಿಂಡಿನಲ್ಲಿ ಅದೇ ರೋಗ ಕಾಣಿಸಿಕೊಂಡಿತ್ತು, ಜರ್ಮನಿಯಲ್ಲಿ 1988ರ ನಂತರ ಮೊದಲ ಸಲ. ಹಿಂಡನ್ನೇ ಕೊಂದರು. ಇದನ್ನು ಹೇಳಿದ ಮೇಲೆ ಅವ್ವ ಕಸ್ಟಮ್ಸ್‌ನವರನ್ನ ಬೈಯೋದು ಬಿಟ್ಟಳು. "ಪಾಪ, ಎಮ್ಮಿ" ಅಂದಳು ಅಷ್ಟೆ.

ಹಂಗಂತ ನಾವೇನು ಕಡಿಮೆ ಇಲ್ಲ. ಫ್ರೆಂಚರ ಹಬ್ಬದೂಟದ ಫ್ವಾ ಗ್ರಾ, ಅಂದ್ರೆ ಬಾತುಕೋಳಿಗೆ ಬಲವಂತವಾಗಿ ತಿನ್ನಿಸಿ ಉಬ್ಬಿಸಿದ ಲಿವರ್, ಅದರ ಆಮದನ್ನು ಭಾರತ 2014ರ ಜುಲೈನಲ್ಲೇ ನಿಷೇಧಿಸಿದೆ. ಬಾಗಿಲು ಎರಡೂ ಕಡೆಗೆ ಇವೆ.

ಈಗ ಉಂಡಿ. ಬ್ರೆಡ್, ಕೇಕ್, ಬಿಸ್ಕೆಟ್, ಚಾಕೊಲೇಟ್, ಮಿಠಾಯಿಗಳಲ್ಲಿ ಮಾಂಸ ಇಲ್ಲದಿದ್ದರೆ ಈ ನಿರ್ಬಂಧದಿಂದ ವಿನಾಯಿತಿ ಇದೆ. ಹಾಗಾದರೆ ತುಪ್ಪದಲ್ಲಿ ಮುಳುಗೆದ್ದ ಅಂಟಿನುಂಡಿ ಮಿಠಾಯಿಯೋ, ಹಾಲಿನ ಪದಾರ್ಥವೋ? ಅಂಟು ಅನ್ನೋದನ್ನೇ ಕಂಡಿರದ ಅಧಿಕಾರಿ ಟೇಬಲ್ ಮೇಲಿಟ್ಟುಕೊಂಡು ತೀರ್ಮಾನ ಮಾಡಬೇಕು. ಬಾಣಂತಿ ತಿನ್ನೋ ವಸ್ತುವನ್ನ ಆ ಜೂಜಿಗೆ ಹಾಕೋ ಮನಸ್ಸು ನನಗಿರಲಿಲ್ಲ.

ಒಣಕೊಬ್ಬರಿ ಬಟ್ಟಲದ್ದು ಇನ್ನೊಂದು ಕಥೆ. ಎಣ್ಣೆ ಅಂಶದಿಂದಾಗಿ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಇದೆ, ಯುಎನ್ 1363 ಅನ್ನೋ ನಂಬರಿನ ಸಮೇತ. ದೇವರ ಮುಂದಿಡೋ ಕೊಬ್ಬರಿ ಬಟ್ಟಲು! ಅದನ್ನ ತೆಗೆದಿಟ್ಟೆವು, ಕೊಬ್ಬರಿ ಪುಡಿ ಲಿಯಾನ್‌ನ ಅಂಗಡಿಯಲ್ಲೇ ಸಿಗುತ್ತೆ. ಉಂಡಿಗೆ ಹಾಕೋ ಗಸಗಸೆ ಯುರೋಪಿಗೆ ನಡೆಯುತ್ತೆ, ಆದರೆ ಯುಎಇಯಲ್ಲಿ ನಿಷಿದ್ಧ. ದುಬೈ ಮಾರ್ಗವಾಗಿ ಹೋಗೋರು ಬ್ಯಾಗಿನಲ್ಲಿ ಇಟ್ಕೋಬೇಡಿ.

ರೊಟ್ಟಿ ಮಾತ್ರ ರಾಜ. ನೀರಿನಂಶ ಇಲ್ಲದ ಕಡೆ ಬೂಸು ಬೆಳೆಯಲ್ಲ, ಅದಕ್ಕೇ ನಮ್ಮ ಕಡೆ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಇರ್ತದ. ಆದರೆ ಅದನ್ನ ವ್ಯಾಕ್ಯೂಮ್ ಪ್ಯಾಕ್ ಮಾಡಬಾರದು. ಗಾಳಿ ಎಳೆದಾಗ ಪುಡಿಪುಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಸುತ್ತಲೂ ಬಟ್ಟೆ ತುಂಬಿದೆವು. ಅವ್ವ ತುಂಬಿದ್ದು ತನ್ನ ಹಳೇ ಇಳಕಲ್ ಸೀರೆಯ ತುಂಡುಗಳು, ಕೂಸಿಗೆ ದುಪಟಿ ಆಗ್ತಾವಂತ. ಹಿಂಡಿಗೆ ಮಾತ್ರ ವ್ಯಾಕ್ಯೂಮ್ ಬೇಕು, ಗಾಳಿ ತಾಗಿದರೆ ಶೇಂಗಾದ ಎಣ್ಣೆ ಕಮಟು ಹಿಡೀತದ. ಶೇಂಗಾ ಆರಿಸುವಾಗ ಬೂಸು ಹಿಡಿದದ್ದು, ಸುಕ್ಕಾದದ್ದು ಒಂದೂ ಬಿಡಬೇಡ ಅಂದಿದ್ದೆ. ಅದರಲ್ಲಿರೋ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗಲ್ಲ. ವ್ಯಾಪಾರಕ್ಕೆ ಬರೋ ತಿನ್ನೋ ಶೇಂಗಾಕ್ಕೆ ಯುರೋಪಿನಲ್ಲಿ ಕೇಜಿಗೆ 4 ಮೈಕ್ರೋಗ್ರಾಂ ಮಿತಿ. ಅವ್ವ ಕನ್ನಡಕ ಹಾಕ್ಕೊಂಡು ಮೂರು ದಿನ ಮೊರದ ಮುಂದೆ ಕೂತಳು.

ಫಾರ್ಮ್ ತುಂಬುವಾಗ "ಮನೆ ತಿಂಡಿ" ಅಂತ ಒಂದೇ ಸಾಲು ಬರೆದು ಮುಗಿಸೋರಿದ್ದಾರೆ. ಹಂಗೆ ಬರೆದರೆ ಡಬ್ಬಿ ಬಿಚ್ಚಿ ನೋಡಿ ಅಂತ ಕರೆದಂಗೆ. ಸಿಎನ್ 23 ಫಾರ್ಮ್‌ನಲ್ಲಿ ಒಂದೊಂದರ ಹೆಸರು, ತೂಕ, ಬೆಲೆ ಬೇರೆಬೇರೆ ಬರೆದೆ. ಮನೆಯವರು ಮನೆಯವರಿಗೆ ಕಳಿಸೋ ಉಡುಗೊರೆ 45 ಯೂರೋ ಒಳಗಿದ್ದರೆ ತೆರಿಗೆ ಇಲ್ಲ, ನಮ್ಮದು ಅದರೊಳಗೇ ಇತ್ತು. ಅವ್ವನ ಕೆಲಸಕ್ಕೆ ಫಾರ್ಮ್‌ನಲ್ಲಿ ಬೆಲೆ ಹಾಕೋ ಕಾಲಂ ಇಲ್ಲ.

ಉಳಿದದ್ದು ಉಂಡಿ. ಎಣ್ಣೆಯಲ್ಲಿ ಮಾಡೋಣವಾ ಅಂತ ಕೇಳಿದ್ದಕ್ಕೆ ಅವ್ವ ನನ್ನನ್ನ ನೋಡಿದ ನೋಟ ಇಲ್ಲಿ ಬರೆಯೋ ಹಂಗಿಲ್ಲ. ಆಮೇಲೆ ಅವಳೇ ದಾರಿ ಹುಡುಕಿದಳು. ಅಂಟು, ಉತ್ತತ್ತಿ, ಬೆಲ್ಲ, ಗಸಗಸೆ ಅಳತೆ ಮಾಡಿ ಬೇರೆಬೇರೆ ಕಟ್ಟಿದಳು. ತುಪ್ಪ ಅಲ್ಲೇ ಕಾಯಿಸಬೇಕು. ಫ್ರಾನ್ಸಿನಲ್ಲಿ ಬೆಣ್ಣೆಗೆ ಏನು ಬರ? ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಸಿಕ್ಕಿತಲ್ಲ, ಆ ಥರ ಊರಿನ ಹೆಸರು ಕಾಯೋ ಕಾನೂನನ್ನ ಅವರು ರೋಕ್‌ಫೋರ್ ಚೀಸ್‌ಗೆ 1925ರಲ್ಲೇ ಮಾಡಿಕೊಂಡವರು. ನಾರ್ಮಂಡಿಯ ಇಸಿನ್ಯಿ ಬೆಣ್ಣೆಗೂ ಅಂಥದ್ದೇ ಮುದ್ರೆ ಇದೆ. ತಂಗಿಯ ಗಂಡ ಅದನ್ನೇ ತಂದ.

ವಿಡಿಯೋ ಕಾಲ್‌ನಲ್ಲಿ ಈ ಕಡೆ ಅವ್ವ, ಆ ಕಡೆ ಒಲೆ ಮುಂದೆ ಅಳಿಯ. ತಂಗಿ ಹೊಟ್ಟೆ ಹಿಡ್ಕೊಂಡು ಕುರ್ಚಿ ಮೇಲೆ.

"ಉರಿ ಸಣ್ಣ ಮಾಡ್ರಿ. ಅಂಟು ಸ್ವಲ್ಪ ಸ್ವಲ್ಪೇ ಬಿಡ್ರಿ, ಹೂವಿನಂಗ ಅರಳಬೇಕು."

ಅರಳಿತು. ಒಂದು ಹರಳು ಬಾಯಿಗೆ ಹಾಕ್ಕೊಂಡ ತಂಗಿ ಏನೂ ಮಾತಾಡಲಿಲ್ಲ, ಕಣ್ಣೊರೆಸಿಕೊಂಡಳು. ಅವ್ವ ಅದನ್ನ ನೋಡದವಳ ಹಂಗ ಫೋನನ್ನ ಮೂಗಿನ ಹತ್ತಿರ ಹಿಡಿದು ಕೇಳಿದಳು: "ಆ ಬೆಣ್ಣಿ ಎಮ್ಮಿದೇನ್ರಿ, ಆಕಳದೇನ್ರಿ?"